ಮೂರು ಚಮಚ ನೀಲಿ

ಮಾರ್ಚ್ 6

ನನ್ನ ಮಗನ ಹೆಂಡತಿಗೆ,

ನಿನ್ನ ಪತ್ರ ತಲುಪಿತು. ನೀವಿಬ್ಬರೂ ಮನೆ ಬಿಟ್ಟು ಹೋದ ಮೂರು ವರ್ಷಗಳಲ್ಲಿ ಅಲ್ಲಿಂದ ಬಂದ ಮೊದಲ ಪತ್ರ. ಅವನು ಬಿದ್ದ ಸುದ್ದಿಯನ್ನು ನಾಲ್ಕು ತಿಂಗಳ ಹಿಂದೆ ನಿನ್ನ ಅಣ್ಣ ಫೋನ್ ಮಾಡಿ ಹೇಳಿದ್ದ. ಆಗ ನೀನೇ ಬರೆಯಬಹುದಿತ್ತು. ಇರಲಿ.

ಯಾವುದೋ ಕಟ್ಟಡದ ಹೊರಗೋಡೆಗೆ ಬಿಳಿ ಬಳಿಯುವಾಗ ಅಟ್ಟಣಿಗೆಯಿಂದ ಬಿದ್ದ, ಸೊಂಟದ ಎಲುಬು, ಕಾಲಿನ ಎಲುಬು ಎಲ್ಲ ಈಗ ಕೂಡಿವೆ, ಆದರೂ ಏಳುತ್ತಿಲ್ಲ ಎಂದು ಬರೆದಿದ್ದೀಯ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ ಎಂದಿದ್ದೀಯ. ಮೇ ತಿಂಗಳು ಮುಗಿಯುವುದರೊಳಗೆ ಕಾಲು ನೆಲಕ್ಕೆ ಊರದಿದ್ದರೆ ಮಂಡಿಗಳು ಬಿಗಿದುಹೋಗುತ್ತವೆ, ಆಮೇಲೆ ಏಳಬೇಕೆಂದರೂ ಆಗುವುದಿಲ್ಲ ಎಂದು ವ್ಯಾಯಾಮ ಮಾಡಿಸುವವಳು ಹೇಳಿದಳಂತೆ. ಇಷ್ಟನ್ನು ನಾನು ಎರಡು ಸಲ ಓದಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹಾಗೆ ಮಲಗುವವನಲ್ಲ. ನೀನು ಅವನಿಗೆ ಮುದ್ದು ಹೆಚ್ಚು ಮಾಡುತ್ತಿರಬೇಕು.

ನಾಲ್ಕು ತಿಂಗಳಲ್ಲಿ ಅವನು ತಾನಾಗಿ ಆಡಿದ ಮಾತು ಒಂದೇ, "ಅಮ್ಮನ ನೀಲಿ" ಎಂದು, ಅದೂ ಗೋಡೆಯ ಹತ್ತಿರ. ಆ ನೀಲಿಯನ್ನು ಕೋಣೆಗೆ ಹಚ್ಚಿದರೆ ಏಳುತ್ತಾನೇನೋ, ಬೆರಕೆ ಹೇಳಿಕೊಡಿ ಎಂದು ಕೇಳಿದ್ದೀಯ. ನನ್ನ ಬೆರಕೆಯನ್ನು ನಾನು ಇದುವರೆಗೆ ಯಾರಿಗೂ ಹೇಳಿಕೊಟ್ಟಿಲ್ಲ. ನಿನ್ನ ಮಾವ ಬದುಕಿದ್ದಾಗ ಗೋಡೆ ಬಳಿಯುವುದು ಅವರ ಕೆಲಸ, ಬಣ್ಣ ಬೆರೆಸುವುದು ನನ್ನದು. ಊರಿಗೆ ಅವರು ಮೇಸ್ತ್ರಿ, ನಾನು ಬಣ್ಣದಮ್ಮ. ನನ್ನ ಅಳತೆಯೆಲ್ಲ ಕಣ್ಣಲ್ಲೇ ಇರುವುದು. ಆದರೂ ನನ್ನ ಮಗನಿಗಾಗಿ ಎಣಿಸಿಕೊಂಡು ಬೆರೆಸಿ ಬರೆದು ಕಳಿಸುತ್ತೇನೆ.

ಮೊದಲು ಕೋಣೆ ಹೇಗಿದೆ ಬರೆ. ಕಿಟಕಿ ಎಷ್ಟು, ಬಿಸಿಲು ಒಳಗೆ ಬೀಳುತ್ತದೆಯೇ, ನೆಲದ ಬಣ್ಣ ಏನು, ಬಾಗಿಲು ಮರದ್ದೋ ತಗಡಿನದೋ, ಮಂಚ ಎಲ್ಲಿದೆ. ನೀಲಿ ಎಂದರೆ ಡಬ್ಬಿ ತೆರೆದು ಬಳಿದುಬಿಡುವ ಬಣ್ಣವಲ್ಲ. ಬಿಸಿಲಿದ್ದಲ್ಲಿ ನಗುತ್ತದೆ, ಬಿಸಿಲಿಲ್ಲದಲ್ಲಿ ಮುಖ ಊದಿಸಿಕೊಂಡು ಕೂರುತ್ತದೆ. ಈಗಿನವರಿಗೆ ಅದೆಲ್ಲ ಎಲ್ಲಿ ಗೊತ್ತು. ಇಲ್ಲಿ ನಮ್ಮ ಬೀದಿಯ ಹೊಲಿಗೆಯಮ್ಮ ನಾನು ಬೆರೆಸಿಕೊಟ್ಟ ನೀಲಿ ಗೋಡೆಯ ಮುಂದೆ ಆಳೆತ್ತರದ ಬೀರು ತಂದು ನಿಲ್ಲಿಸಿದ್ದಾಳೆ. ಕ್ಷೌರದಂಗಡಿಯವನು ಗೋಡೆ ಪೂರ್ತಿ ಕನ್ನಡಿ ಹಾಕಿಸಿದ. ಒಳ್ಳೆಯ ಗೋಡೆಯನ್ನು ನೋಡುವ ಯೋಗ್ಯತೆಯೂ ಜನಕ್ಕೆ ಹೋಗಿದೆ.

ಫೋನ್ ಮಾಡಬೇಡ. ಬಣ್ಣ ಹಚ್ಚಿದ ರಟ್ಟು ಫೋನಿನಲ್ಲಿ ಬರುವುದಿಲ್ಲ. ಫೋನಿನ ಚಿತ್ರದಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಅಲ್ಲದೆ ನಿನ್ನ ಅಳು ಕೇಳಿಸಿಕೊಳ್ಳುವುದು ನನ್ನಿಂದಾಗದು.

ಅಲ್ಲಿಗೆ ಬನ್ನಿ ಎಂದೂ ಬರೆದಿದ್ದೀಯ. ಹೊಸ್ತಿಲು ದಾಟಿ ಹೋದವನು ಕರೆಯಲಿ, ಆಮೇಲೆ ನೋಡೋಣ.

ನಿನ್ನ ಅತ್ತೆ


ಮಾರ್ಚ್ 15

ಅತ್ತೆಯವರಿಗೆ ನಮಸ್ಕಾರ.

ನೀವು ಉತ್ತರ ಬರೆಯುತ್ತೀರೆಂದು ನಾನು ಅಂದುಕೊಂಡಿರಲಿಲ್ಲ. ಬೈದು ಬರೆದಿದ್ದೀರಿ, ಆದರೂ ಬರೆದಿರಲ್ಲ.

ಕೋಣೆ ಚಿಕ್ಕದು, ಉದ್ದ ನನ್ನ ಹೆಜ್ಜೆಯಲ್ಲಿ ಹತ್ತು, ಅಗಲ ಎಂಟು. ಒಂದೇ ಕಿಟಕಿ. ಅದರಾಚೆ ಪಕ್ಕದ ಕಟ್ಟಡದ ಗೋಡೆ, ಮಧ್ಯೆ ಓಣಿ. ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ನೆಲ ಬೂದು ಸಿಮೆಂಟು. ಬಾಗಿಲು ಮರದ್ದು, ಮಾಸಿದೆ. ಕಿಟಕಿಗೆ ಹಳದಿ ಪರದೆ. ಗೋಡೆಗಳು ಬಿಳಿ, ಛಾವಣಿ ತಗ್ಗು. ಕಬ್ಬಿಣದ ಮಂಚ ಕಿಟಕಿಗೆ ಎದುರಿನ ಗೋಡೆಗೆ ತಾಗಿದೆ. ಇವರು ಕಿಟಕಿಗೆ ಬೆನ್ನು ಹಾಕಿ ಆ ಗೋಡೆಯನ್ನೇ ನೋಡುತ್ತಾ ಮಲಗಿರುತ್ತಾರೆ.

ಮುದ್ದು ಮಾಡುತ್ತಿಲ್ಲ ಅತ್ತೆ. ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವಾಗ ಊಟ ಬಡಿಸಿ ತಟ್ಟೆ ಮುಚ್ಚಿಟ್ಟು ಹೋಗುತ್ತೇನೆ. ಸಂಜೆ ಬಂದರೆ ಮುಚ್ಚಿದ ಹಾಗೇ ಇರುತ್ತದೆ. ಬೈದೂ ನೋಡಿದೆ. ಒಂದು ದಿನ ತಟ್ಟೆಯನ್ನೇ ಎಸೆದೆ. "ಕಾಲಿಗೆ ಪೆಟ್ಟಾಗಿಲ್ಲ ತಾನೇ ನಿಂಗೆ" ಎಂದು ಕೇಳಿದರು, ಮತ್ತೆ ಗೋಡೆಯ ಕಡೆ ತಿರುಗಿದರು.

ನಿಮ್ಮನ್ನು ಒಂದು ವಿಷಯ ಕೇಳಬೇಕು. ಮದುವೆಯ ಹೊಸದರಲ್ಲಿ ಇವರು ಬಣ್ಣದ ಬಗ್ಗೆ ಮಾತಾಡಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಗೋಡೆ ಮುಟ್ಟಿ ನೋಡುತ್ತಿದ್ದರು. ಈ ಊರಿಗೆ ಬಂದ ಮೇಲೆ ಮನೆಯೊಳಗಿನ ಕೆಲಸಕ್ಕೆ ಯಾರು ಕರೆದರೂ ಹೋಗಲಿಲ್ಲ. ಹೊರಗೋಡೆ, ಅದೂ ಬರೀ ಬಿಳಿ. ಏಕೆ ಎಂದರೆ "ಬಿಳಿ ಬಳಿಯೋಕೆ ಕಣ್ಣು ಬೇಡ" ಎನ್ನುತ್ತಿದ್ದರು. ಹಾಗೆಂದರೇನು? ಅಲ್ಲಿ ಏನಾಯಿತು? ನಾನು ನಿಮ್ಮ ಮನೆಯಲ್ಲಿದ್ದದ್ದು ಎಂಟೇ ತಿಂಗಳು. ನಾವು ಹೊರಟದ್ದು ನನ್ನ ದೆಸೆಯಿಂದಲೇ ಇರಬೇಕು ಎಂದುಕೊಂಡಿದ್ದೇನೆ. ಇವರು ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ.

ನಿಮ್ಮ ಸೊಸೆ


ಮಾರ್ಚ್ 22

ಸೊಸೆಗೆ,

ಕೋಣೆ ಕಣ್ಣ ಮುಂದೆ ಬಂತು. ಕೇಳಿಸಿಕೊ.

ಹಳದಿ ಪರದೆಯನ್ನು ಇವತ್ತೇ ತೆಗೆ. ಹಳದಿಯ ಮೂಲಕ ಬಂದ ಬೆಳಕಿನಲ್ಲಿ ಯಾವ ನೀಲಿಯೂ ಬದುಕುವುದಿಲ್ಲ. ಹತ್ತಿಯ ಬಣ್ಣದ ಬಟ್ಟೆ ಹಾಕು. ಬಾಗಿಲನ್ನು ಉಜ್ಜಿ ಎಣ್ಣೆ ಸವರು. ನೀಲಿ ಕೋಣೆಯಲ್ಲಿ ಮರದ ಬಣ್ಣದ್ದು ಏನಾದರೂ ಒಂದು ಇರಲೇಬೇಕು, ಇಲ್ಲದಿದ್ದರೆ ಅದು ಆಸ್ಪತ್ರೆಯಾಗುತ್ತದೆ. ಛಾವಣಿ ತಗ್ಗು ಎಂದೆಯಲ್ಲ, ಅದಕ್ಕೂ ಇದೇ ಬಣ್ಣವನ್ನು ಅರ್ಧಕ್ಕರ್ಧ ಸುಣ್ಣ ಸೇರಿಸಿ ಹಚ್ಚು. ಗೋಡೆ ಮುಗಿದು ಛಾವಣಿ ಶುರುವಾಗುವ ಗೆರೆ ಕಾಣದಿದ್ದರೆ ಮಲಗಿದವನ ಎದೆಯ ಮೇಲೆ ಭಾರ ಕೂರುವುದಿಲ್ಲ.

ಬೆರಕೆ: ಒಂದು ಬಕೆಟ್ ಸುಣ್ಣ, ಹಾಲಿನ ಕೆನೆಯಷ್ಟು ದಪ್ಪ, ಬಟ್ಟೆಯಲ್ಲಿ ಸೋಸಿದ್ದು. ಅದಕ್ಕೆ ಏಳು ಚಮಚ ನೀಲಿ ಪುಡಿ. ಚಮಚದ ಮೇಲಿನ ಗುಪ್ಪೆಯನ್ನು ಬೆರಳಿನಿಂದ ಸವರಿ ಸಮ ಮಾಡಿ ಅಳೆ. ಪುಡಿಯನ್ನು ಮೊದಲು ಲೋಟ ನೀರಿನಲ್ಲಿ ಕದಡಿ ಆಮೇಲೆ ಸುರಿ. ಕೆಲವರು ಇದಕ್ಕೆ ಕಾವಿ ಹಾಕುತ್ತಾರೆ, ನೀಲಿಯ ಚಳಿ ಬಿಡಲಿ ಎಂದು. ನೀನು ಹಾಕಬೇಡ, ಮಂಕಾಗುತ್ತದೆ. ಹಸಿಯಾಗಿದ್ದಾಗ ಗಾಢವಾಗಿ ಕಾಣುತ್ತದೆ, ಹೆದರಬೇಡ, ಒಣಗಿದರೆ ತಿಳಿಯಾಗುತ್ತದೆ.

ಇದರೊಂದಿಗೆ ರಟ್ಟು ಇಟ್ಟಿದ್ದೇನೆ. ನಾನೇ ಬೆರೆಸಿ, ಬಳಿದು, ಎರಡು ದಿನ ಒಣಗಿಸಿದ್ದು. ಮೊದಲು ಅವನಿಗೆ ತೋರಿಸು. ನಮ್ಮ ಮನೆಯಲ್ಲಿ ಬಣ್ಣವನ್ನು ಕೂತು ನೋಡುವ ಪದ್ಧತಿ ಇಲ್ಲ. ರಟ್ಟನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಏಳು ಹೆಜ್ಜೆ ಹಿಂದೆ ನಿಂತು ನೋಡಬೇಕು. ಮೇಸ್ತ್ರಿಗೆ ಜ್ವರ ಬಂದಾಗಲೂ ಎದ್ದು ನಿಂತೇ ನೋಡುತ್ತಿದ್ದರು. ಅವನು ಏಳಲಾರ ಎನ್ನುವುದಾದರೆ ಈ ಸಲ ಮಂಚದ ಹತ್ತಿರ ಹಿಡಿ. ಇದೊಂದು ಸಲ.

ನೀನು ಕೇಳಿದ ಬೇರೆ ವಿಷಯಕ್ಕೆ ಈಗ ಸಮಯವಿಲ್ಲ.

ನಿನ್ನ ಅತ್ತೆ


ಏಪ್ರಿಲ್ 5

ಅತ್ತೆಯವರಿಗೆ ನಮಸ್ಕಾರ.

ರಟ್ಟು ಬಂತು. ತುಂಬಾ ಚೆನ್ನಾಗಿದೆ. ಪರದೆ ತೆಗೆದೆ, ಬಾಗಿಲಿಗೆ ಎಣ್ಣೆ ಸವರಿದೆ. ಮರದೊಳಗಿನ ಗೆರೆಗಳು ಎದ್ದು ಬಂದಿವೆ.

ರಟ್ಟನ್ನು ಮುಖದ ಹತ್ತಿರ ಹಿಡಿದು "ನೋಡಿ, ನಿಮ್ಮಮ್ಮ ಕಳಿಸಿದ್ದಾರೆ" ಎಂದೆ. ತಟ್ಟನೆ ತಿರುಗಿದರು. ಇಷ್ಟು ತಿಂಗಳಲ್ಲಿ ಅಷ್ಟು ಬೇಗ ಅವರು ತಿರುಗಿದ್ದೇ ಇಲ್ಲ. ತುಂಬಾ ಹೊತ್ತು ನೋಡಿದರು. "ಇದು ಅಮ್ಮನೇ ಬೆರೆಸಿದ್ದಾ?" "ಹೌದು." "ತಾನೇ? ಕೈಯಾರೆ?" "ಹೌದು ಅಂದ್ನಲ್ಲ." "ನಿಂಗೆ ಹೇಗೆ ಕಾಣುತ್ತೆ?" ನಾನು "ಚೆನ್ನಾಗಿದೆ, ಆಕಾಶದ ಹಾಗಿದೆ" ಎಂದೆ. ಅವರು ರಟ್ಟನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಕಣ್ಣು ಮುಚ್ಚಿದರು. ನನಗೆ ಆಸೆಯಾಯಿತು. ಆ ಭಾನುವಾರವೇ ಅವರ ಮುಂದಿನ ಗೋಡೆಗೆ ನೀವು ಹೇಳಿದ ಅಳತೆಯಲ್ಲೇ ಹಚ್ಚಿದೆ.

ಅಂದಿನಿಂದ ಮುಖದ ಮೇಲೆ ಹೊದಿಕೆ ಎಳೆದುಕೊಂಡಿದ್ದಾರೆ. ವ್ಯಾಯಾಮದವಳು ಬಂದರೆ ಕಾಲನ್ನು ಮುಟ್ಟಗೊಡುವುದಿಲ್ಲ. ಏಕೆಂದು ತಿಳಿಯುತ್ತಿಲ್ಲ. ಬಣ್ಣ ಸ್ವಲ್ಪ ಗಾಢವಾಯಿತೇನೋ? ನಾನು ಚಮಚ ಸಮ ಮಾಡುವುದರಲ್ಲಿ ತಪ್ಪಿದ್ದೇನೋ. ತಪ್ಪಿದ್ದರೆ ಕ್ಷಮಿಸಿ.

ನಿಮ್ಮ ಅಕ್ಷರ ತುಂಬಾ ದೊಡ್ಡದಾಗಿದೆ. ಮೊದಲು ಹೀಗಿರಲಿಲ್ಲ. ಆರೋಗ್ಯ ಹೇಗಿದೆ?

ನಿಮ್ಮ ಸೊಸೆ


ಏಪ್ರಿಲ್ 12

ಸೊಸೆಗೆ,

ನನ್ನ ಆರೋಗ್ಯಕ್ಕೇನೂ ಆಗಿಲ್ಲ. ನಿನಗೆ ಓದಲು ಸುಲಭವಾಗಲೆಂದು ದೊಡ್ಡದಾಗಿ ಬರೆಯುತ್ತೇನೆ.

ಗಾಢವಾಗಿಲ್ಲ, ತೆಳುವಾಗಿದೆ. ನೀನು ಸುಣ್ಣ ಹೆಚ್ಚು ಹಾಕಿರಬೇಕು. ನಿನ್ನ ಪತ್ರ ಓದಿದ ಮೇಲೆ ನನ್ನ ಬಳಿ ಉಳಿದ ರಟ್ಟನ್ನು ಕಿಟಕಿಗಿಟ್ಟು ನೋಡಿದೆ. ಏಳು ಚಮಚದ್ದು ನಿಜಕ್ಕೂ ಸೊರಗಿದೆ. ನಿಮ್ಮ ಕೋಣೆಗೆ ಬಿಸಿಲಿಲ್ಲ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಬಿಸಿಲಿಲ್ಲದ ಕೋಣೆಯಲ್ಲಿ ನೀಲಿ ಬೂದಿಯಾಗಿಬಿಡುತ್ತದೆ. ಅವನು ಮುಖ ಮುಚ್ಚಿಕೊಂಡಿರುವುದು ಅದಕ್ಕೇ. ಮಗುವಾಗಿದ್ದಾಗ ತಪ್ಪು ಬಣ್ಣ ಕಂಡರೆ ಅಂಗಡಿಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದ, ಯಾರೋ ಕಿರುಚಿದ ಹಾಗೆ.

ಹತ್ತು ಚಮಚ ಹಾಕು. ಹೊಸ ರಟ್ಟು ಇಟ್ಟಿದ್ದೇನೆ. ಒಂದು ಗೋಡೆ ಸಾಲದು, ನಾಲ್ಕಕ್ಕೂ ಹಚ್ಚು. ಒಂದು ಗೋಡೆ ನೀಲಿ, ಮೂರು ಬಿಳಿ ಎಂದರೆ ಆ ನೀಲಿ ನೆಂಟರ ಮನೆಗೆ ಬಂದಂತೆ ಮುದುಡಿ ಕೂತಿರುತ್ತದೆ. ಸುತ್ತಲೂ ಇದ್ದರೆ ಮನೆಯವರಂತೆ ಕೈಕಾಲು ಚಾಚುತ್ತದೆ.

ಅನುಮಾನಪಡಬೇಡ. ನಲವತ್ತು ವರ್ಷ ಈ ಕೈ ಬೆರೆಸಿದ ಬಣ್ಣವನ್ನು ತಪ್ಪೆಂದವರು ಯಾರೂ ಇಲ್ಲ.

ಬೇಗ ಮಾಡು. ಏಪ್ರಿಲ್ ಅರ್ಧವಾಗುತ್ತಾ ಬಂತು. ಪ್ರತಿದಿನ ಎಣಿಸುತ್ತಿದ್ದೇನೆ.

ನಿನ್ನ ಅತ್ತೆ


ಏಪ್ರಿಲ್ 27

ಅತ್ತೆಯವರಿಗೆ,

ನಾನು ಇನ್ನು ಹೆದರಿ ಬರೆಯುವುದಿಲ್ಲ. ಹೆದರುವಷ್ಟು ಶಕ್ತಿಯೂ ಉಳಿದಿಲ್ಲ.

ನಾಲ್ಕು ಗೋಡೆಗೂ ಹಚ್ಚಿದೆ. ಎರಡು ದಿನ ರಜೆ ಹಾಕಿ, ಮಂಚವನ್ನು ಮಧ್ಯಕ್ಕೆ ಎಳೆದು, ಹತ್ತು ಚಮಚ. ಕೊನೆಯ ಗೋಡೆ ಒಣಗಿದ ದಿನ ಇವರ ಹೊದಿಕೆಯನ್ನು ನಾನೇ ಕಿತ್ತೆಸೆದು "ನೋಡಿ, ಏನಾದ್ರೂ ಹೇಳಿ" ಎಂದು ಕೂಗಿದೆ. ನೋಡಿದರು. ಒಂದೊಂದೇ ಗೋಡೆಯನ್ನು ನೋಡಿದರು. ಕಣ್ಣಲ್ಲಿ ನೀರು ಇಳಿಯಿತು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅಮ್ಮ ತಪ್ಪು ಬೆರೆಸಲ್ಲ. ನಂಗೆ ಇದು ಕಣ್ಣಿಗೆ ಹೊಡೆಯೋ ಹಾಗೆ ಕಾಣ್ತಿದೆ. ನಿಂಗೆ ಆಕಾಶದ ಹಾಗಿದೆ. ಅಂದ್ಮೇಲೆ ಕೆಟ್ಟಿರೋದು ನನ್ನ ಕಣ್ಣೇ. ಅಮ್ಮ ಅವತ್ತೇ ಹೇಳಿದ್ಲು, ನಾನೇ ನಂಬಿರ್ಲಿಲ್ಲ. ಈ ಕಣ್ಣಿಟ್ಕೊಂಡು ಎದ್ದು ಏನು ಮಾಡ್ಲಿ?"

ಆಗ ನನಗೆ ಅರ್ಥವಾಯಿತು. ಅವರು ಕೋಣೆಗೆ ನೀಲಿ ಬೇಕೆಂದು ಕೇಳಿರಲೇ ಇಲ್ಲ. ಇಷ್ಟು ತಿಂಗಳಿಂದ ಮನಸ್ಸಿನಲ್ಲೇ ಯಾವುದೋ ಒಂದು ನೀಲಿಯನ್ನು ಸರಿಯೋ ತಪ್ಪೋ ಎಂದು ನೋಡುತ್ತಾ ಮಲಗಿದ್ದರು. ನಾನು ಅದಕ್ಕೆ ಉತ್ತರವನ್ನು ನಾಲ್ಕು ಗೋಡೆಗೆ ಬಳಿದುಬಿಟ್ಟೆ.

ಅತ್ತೆ, ನಾನು ಸುಳ್ಳು ಹೇಳಿದ್ದೆ. ಅವರಿಗೂ, ನಿಮಗೂ. ನಿಮ್ಮ ಬಣ್ಣ ಚೆನ್ನಾಗಿಲ್ಲ. ಮೊದಲ ರಟ್ಟನ್ನು ಲಕೋಟೆಯಿಂದ ತೆಗೆದಾಗಲೇ ನನಗೆ ಹಾಗನ್ನಿಸಿತು. ನೀವು ಕಳಿಸಿದ್ದು, ನಾನು ಔಷಧಿ ಎಣಿಸುವವಳು, ಬಣ್ಣದ ಬಗ್ಗೆ ನನಗೇನು ಗೊತ್ತು ಎಂದು ಬಾಯಿ ಮುಚ್ಚಿಕೊಂಡೆ. ಈಗ ಆ ಕೋಣೆಗೆ ಕಾಲಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ. ಇವತ್ತು ಬಂದ ವ್ಯಾಯಾಮದವಳು ಬಾಗಿಲಲ್ಲೇ ನಿಂತು "ಅಯ್ಯೋ, ಇದೇನಿದು?" ಎಂದಳು. ಅವಳ ಆ ಮಾತನ್ನು ಇವರಿಗೆ ಹೇಳಿದೆ. "ನನ್ನ ಸಮಾಧಾನಕ್ಕೆ ನೀವಿಬ್ರೂ ಮಾತಾಡ್ಕೊಂಡಿದ್ದೀರಿ" ಎಂದರು. ನನ್ನ ಮಾತಿಗೆ ಬೆಲೆ ಹೋಯಿತು, ನಾನೇ ಕಳೆದುಕೊಂಡೆ.

ಇನ್ನು ಐದು ವಾರವೂ ಉಳಿದಿಲ್ಲ. ಅವತ್ತು ಏನು ಹೇಳಿದ್ದಿರಿ ನೀವು? ಅವರ ಕಣ್ಣಿನ ಬಗ್ಗೆ ಏನು ಹೇಳಿದ್ದಿರಿ?


ಮೇ 3

ನಿನ್ನ ಪತ್ರ ಓದಿದೆ. ನನ್ನ ಬಣ್ಣ ನೋಡಿ ಹಲ್ಲು ಜುಮ್ಮೆಂದಿತೇ? ನೀನು ಹುಟ್ಟುವ ಮೊದಲಿನಿಂದ ಈ ಊರಿನ ಗೋಡೆಗಳು ನನ್ನ ಕೈಯಲ್ಲಿ ಬೆಳೆದಿವೆ. ಅಳತೆ ತಪ್ಪಿದವಳು ನೀನು, ಸುಳ್ಳು ಹೇಳಿದವಳೂ ನೀನೇ. ಈಗ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದೀಯ.

ಮೇಸ್ತ್ರಿ ಕಾಲದ ಮಾದರಿ ಹಲಗೆ ಅಟ್ಟದ ಮೇಲಿದೆ. ಅದನ್ನೇ ಇಳಿಸಿ ಕಳಿಸುತ್ತೇನೆ. ಪಕ್ಕಪಕ್ಕ ಇಟ್ಟು ನೋಡು, ಆಮೇಲೆ ಮಾತಾಡು.


ಮೇ 5

ನನ್ನ ಸೊಸೆಗೆ,

ಮೊನ್ನೆ ಹಾಕಿದ ಪತ್ರ ಇದಕ್ಕಿಂತ ಮೊದಲು ತಲುಪುತ್ತದೆ. ಅದನ್ನು ಹರಿದುಹಾಕು. ಇದನ್ನು ಅವನ ಮುಂದೆ ಕೂತು ಗಟ್ಟಿಯಾಗಿ ಓದು. ಒಂದು ಅಕ್ಷರವನ್ನೂ ಬಿಡಬೇಡ. ನಾನು ಇನ್ನೊಂದು ಸಲ ಬರೆಯಲಾರೆ.

ಹಲಗೆಯನ್ನು ಅಟ್ಟದಿಂದ ಇಳಿಸಿದೆ. ನನ್ನ ಮಾತೇ ಸರಿ ಎಂದು ತೋರಿಸಲು ಇಳಿಸಿದ್ದು. ನಮ್ಮ ಮದುವೆಯ ಆರನೇ ವರ್ಷ ಬೆರೆಸಿದ ನೀಲಿ ಅದು, ಆ ನೀಲಿಯಿಂದಲೇ ನನಗೆ ಬಣ್ಣದಮ್ಮ ಎಂಬ ಹೆಸರು ಬಂದದ್ದು. ಕಿಟಕಿಗಿಟ್ಟು ಏಳು ಹೆಜ್ಜೆ ಹಿಂದೆ ನಿಂತು ನೋಡಿದೆ. ಬೂದಿ ಕಂಡಿತು. ಧೂಳಿರಬೇಕೆಂದು ಸೆರಗಿನಲ್ಲಿ ಒರೆಸಿದೆ. ಮತ್ತೆ ಬೂದಿ. ಒದ್ದೆ ಬಟ್ಟೆಯಲ್ಲಿ ಒತ್ತಿದೆ. ಬಟ್ಟೆಗೆ ಏನೂ ಹತ್ತಲಿಲ್ಲ. ಹಲಗೆ ಶುಭ್ರವಾಗಿಯೇ ಇತ್ತು.

ತಿರುಗಿಸಿದೆ. ಹಿಂದೆ ಮೇಸ್ತ್ರಿಯ ಅಕ್ಷರ. ಅವರು ಬರೆದಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಬೆರೆಸುವಾಗ ಪಕ್ಕದಲ್ಲಿ ನಿಂತು ಎಣಿಸಿದ್ದಾರೆ, ಕಳ್ಳ. "ಒಂದು ಬಕೆಟ್ಟಿಗೆ ಮೂರು ಚಮಚ ನೀಲಿ, ಅರ್ಧ ಚಮಚ ಕಾವಿ. ಅವಳ ಕಣ್ಣು."

ಮೂರು. ನಾನು ನಿನಗೆ ಏಳು ಬರೆದೆ, ಆಮೇಲೆ ಹತ್ತು. ಕಾವಿ ಬೇಡವೆಂದೆ.

ಈಗ ಮೂರು ವರ್ಷದ ಹಿಂದಿನದು. ಹೊಲಿಗೆಯಮ್ಮನ ಮುಂದಿನ ಕೋಣೆ. ಗೋಡೆ ಅರ್ಧ ಮುಗಿದಿತ್ತು. ಅವನು ಬ್ರಷ್ ಕೆಳಗಿಟ್ಟು, "ಅಮ್ಮ, ನೀಲಿ ಜಾಸ್ತಿಯಾಯ್ತು. ಕಾವಿ ಎಲ್ಲಿ?" ಎಂದ. ಹೊಲಿಗೆಯಮ್ಮ ಕೊರಳಿಗೆ ಟೇಪು ಹಾಕಿಕೊಂಡು ಅಲ್ಲೇ ನಿಂತಿದ್ದಳು. ಅವಳ ಮುಂದೆ ನನ್ನ ಮಗ ನನಗೆ ತಪ್ಪು ಹೇಳಿದ. ನಾನು, "ಕೆಟ್ಟಿರೋದು ನಿನ್ನ ಕಣ್ಣು ಕಣೋ. ಆ ಕಣ್ಣಿಟ್ಕೊಂಡು ಇನ್ನು ಮನೆಯೊಳಗಿನ ಕೆಲಸಕ್ಕೆ ಕೈ ಹಾಕ್ಬೇಡ. ಹೋಗಿ ಹೊರಗೋಡೆಗೆ ಬಿಳಿ ಬಳಿ. ಬಿಳಿ ಬಳಿಯೋಕೆ ಕಣ್ಣು ಬೇಡ" ಎಂದೆ.

ಅವನು ನನ್ನ ಮಾತು ಮೀರಲಿಲ್ಲ. ಹೋಗಿ ಬಿಳಿಯನ್ನೇ ಬಳಿದ, ಬೀಳುವವರೆಗೂ. ನೀನು ಮಾರ್ಚ್ ತಿಂಗಳಲ್ಲಿ ಆ ಮಾತನ್ನು ಬರೆದು "ಹಾಗೆಂದರೇನು" ಎಂದು ಕೇಳಿದಾಗಲೇ ಅದು ನನ್ನ ಮಾತು ಎಂದು ಗುರುತಿಸಿದ್ದೆ. ಆದರೂ ನಿನಗೆ ಪರದೆಯ ಬಗ್ಗೆ, ಬಾಗಿಲಿನ ಬಗ್ಗೆ ಬರೆದೆ.

ನೀವು ಮನೆ ಬಿಟ್ಟದ್ದು ನಿನ್ನ ದೆಸೆಯಿಂದಲ್ಲ. ಇದನ್ನು ಮೂರು ವರ್ಷ ಮೊದಲೇ ಹೇಳಬೇಕಿತ್ತು.

ಇನ್ನೂ ಇದೆ. ಹೋದ ವರ್ಷ ಕಣ್ಣಿನ ಡಾಕ್ಟರ್ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. "ಪೊರೆ ಹಳದಿಯಾಗಿದೆ ತಾಯಿ, ನಿಮಗೆ ನೀಲಿ ಸರಿಯಾಗಿ ಕಾಣೋಲ್ಲ. ಎಷ್ಟು ವರ್ಷದಿಂದ ಹೀಗಿದೆ?" ಎಂದು ಕೇಳಿದರು. "ನಿಮ್ಮ ಆಸ್ಪತ್ರೆ ಗೋಡೆಗೆ ಹಚ್ಚಿರೋ ನೀಲಿನೇ ಕಳಪೆ" ಎಂದು ಹೇಳಿ ಎದ್ದು ಬಂದೆ. ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಚಾಕುವಿಗೆ ಹೆದರಿ ಅಲ್ಲ. ಕಣ್ಣು ಸರಿಯಾದರೆ ಹೊಲಿಗೆಯಮ್ಮನ ಗೋಡೆಯನ್ನು ನೋಡಬೇಕಾಗುತ್ತಿತ್ತು.

ಅವನು ಬಿದ್ದ ಸುದ್ದಿ ಬಂದ ದಿನ ನಾನು ಬಸ್ ನಿಲ್ದಾಣದವರೆಗೆ ಬಂದಿದ್ದೆ. ಬಸ್ಸಿನ ಬೋರ್ಡು ಓದಲಾಗಲಿಲ್ಲ. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ. ಮೂರು ಬಸ್ಸು ಹೋದವು. ಮನೆಗೆ ಬಂದೆ. ಕರೆಯದೆ ಬರುವವಳಲ್ಲ ಎಂದು ನಿನಗೆ ಬರೆದದ್ದು ಅದನ್ನು ಮುಚ್ಚಲು.

ಮಗನೇ, ನಿನ್ನ ಕಣ್ಣು ಸರಿಯಾಗಿಯೇ ಇತ್ತು. ಈಗಲೂ ಸರಿಯಾಗಿದೆ. ಕೆಟ್ಟದ್ದು ನನ್ನದು.

ಸೊಸೆಯೇ, ಹಲಗೆಯನ್ನು ಇದರೊಂದಿಗೆ ಕಳಿಸಿದ್ದೇನೆ. ನನಗೆ ಅದು ಬೂದಿ, ನಿನ್ನ ಕಣ್ಣಿಗೆ ಏನು ಕಾಣುತ್ತದೋ ನನಗೆ ತಿಳಿಯದು. ಅದನ್ನು ಕಿಟಕಿಯ ಪಕ್ಕ ನಿಲ್ಲಿಸು. ಮಂಚದಿಂದ ನೋಡಿದರೆ ಅಂಚು ಮಾತ್ರ ಕಾಣಬೇಕು, ಹಾಗೆ ನಿಲ್ಲಿಸು. ಅವನು ಕೇಳಿದರೂ, ಬೈದರೂ, ಅತ್ತರೂ ಮಂಚದ ಹತ್ತಿರ ತರಬೇಡ. ಈ ಮನೆಯಲ್ಲಿ ಬಣ್ಣವನ್ನು ಮಲಗಿ ನೋಡುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಾನೇ ಆ ಪದ್ಧತಿ ಮುರಿದೆ. ಇನ್ನು ಮುರಿಯಬೇಡ.

ಅಮ್ಮ


ಮೇ 19

ಅತ್ತೆ,

ಎರಡು ಪತ್ರವೂ ಬಂದವು. ಒಂದನ್ನು ಹರಿದೆ, ಒಂದನ್ನು ಓದಿದೆ. ಓದಿ ಮುಗಿಸಿದಾಗ ಹೊದಿಕೆಯೊಳಗಿನಿಂದ "ಇನ್ನೊಂದ್ಸಲ" ಎಂದರು. ಎರಡನೇ ಸಲ ಓದುವಾಗ "ಎಷ್ಟು ಚಮಚ ಅಂದೆ?" ಎಂದು ನಿಲ್ಲಿಸಿದರು. ಹತ್ತು ಎಂದೆ. "ಹತ್ತು ಚಮಚ! ಒಂದು ಬಕೆಟ್ಟಿಗೆ!" ಎಂದು ನಕ್ಕರು. ಮಂಚ ಗಡಗಡ ಅಲ್ಲಾಡುವಷ್ಟು ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಬಸ್ ನಿಲ್ದಾಣದ ಸಾಲನ್ನು ಮೂರನೇ ಸಲ ಓದಿಸಿದರು.

ಆಮೇಲೆ ಎರಡು ದಿನ ಈ ಕಡೆ, ಕಿಟಕಿಯ ಕಡೆ ತಿರುಗಿ ಮಲಗಿದ್ದರು. "ಹಲಗೆ ಇಲ್ಲಿ ತಾ" ಎಂದರು. "ಅತ್ತೆ ಬೇಡ ಅಂದಿದ್ದಾರೆ" ಎಂದೆ. "ಅವಳೊಬ್ಳು ಸಾಲದು ಅಂತ ನೀನು ಬೇರೆ" ಎಂದರು. ನನಗೆ ಬಿಟ್ಟುಕೊಡಬೇಕೆನ್ನಿಸಿತು. ನೀವು ಬಾಗಿಲಲ್ಲಿ ನಿಂತಿದ್ದೀರೇನೋ ಅನ್ನಿಸಿ ಕೊಡಲಿಲ್ಲ.

ಮೂರನೇ ದಿನ ಕೆಲಸದಿಂದ ಬಂದರೆ ಮಂಚ ಖಾಲಿ. ಮಂಚಕ್ಕೂ ಕಿಟಕಿಗೂ ಮಧ್ಯೆ ನೆಲದ ಮೇಲಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮೊಣಕೈ ತರಚಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದರೋ. ಎತ್ತಲು ಹೋದೆ. "ಮುಟ್ಬೇಡ" ಎಂದರು. ಕಿಟಕಿಯ ಕಟ್ಟೆ ಹಿಡಿದು, ಬಲಗಾಲಿನ ಮೇಲೆ ಎದ್ದರು. ಅತ್ತೆ, ಎದ್ದು ನಿಂತರು. ಕಾಲು ಥರಥರ ನಡುಗುತ್ತಿತ್ತು. ಹಲಗೆ ನೋಡಿದರು. "ಇದು ಅಮ್ಮನ ನೀಲಿ" ಎಂದರು. ಆಮೇಲೆ ತಲೆ ತಿರುಗಿಸಿ ನಾಲ್ಕು ಗೋಡೆ ನೋಡಿ, "ಇದನ್ನ ಬಳಿದಿದ್ದು ನೀನೇನಾ?" "ಹೌದು." "ಕೈ ಚೆನ್ನಾಗಿದೆ. ಬಣ್ಣ ಹಾಳು."

ಮುಚ್ಚಿಡದೆ ಹೇಳುತ್ತೇನೆ, ಇನ್ನು ನಾನು ನಿಮ್ಮಿಂದ ಏನನ್ನೂ ಮುಚ್ಚುವುದಿಲ್ಲ. ವ್ಯಾಯಾಮದವಳು ನೋಡಿದಳು. ಬಲಗಾಲು ಸರಿಹೋಗುತ್ತದೆ. ಎಡ ಮಂಡಿ ಅವಳು ಹೇಳಿದ ಗಡುವಿಗೆ ಮೊದಲೇ ಬಿಗಿದಿದೆ, ಇನ್ನು ಪೂರ್ತಿ ಮಡಚುವುದಿಲ್ಲ. ಏಪ್ರಿಲ್ ತಿಂಗಳಲ್ಲೇ ಎದ್ದಿದ್ದರೆ ಹೀಗಾಗುತ್ತಿರಲಿಲ್ಲವಂತೆ. ಕೋಲು ಬೇಕು. ಏಣಿ ಹತ್ತುವುದು ಮುಗಿಯಿತು. ನಾವಿಬ್ಬರೂ ಸೇರಿ ಆ ಏಪ್ರಿಲ್ ತಿಂಗಳನ್ನು ಕಳೆದೆವು ಅತ್ತೆ, ನೀವು ಒಬ್ಬರೇ ಅಲ್ಲ.

ಕೆಲಸಕ್ಕೆ ಹೊರಡುವ ಹೊತ್ತಾಯಿತು. ಹಲಗೆ ಕಿಟಕಿಯಲ್ಲೇ ಇದೆ. ದಿನಕ್ಕೆರಡು ಸಲ ಎದ್ದು ನೋಡುತ್ತಾರೆ.

ನಿಮ್ಮ ಸೊಸೆ


ಜೂನ್ 16

ಮಗನೇ,

ಈ ಪತ್ರ ನಿನಗೆ. ನಿನ್ನ ಹೆಂಡತಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ, ನನ್ನ ಮೇಲೆ ಅವಳ ಋಣ ದೊಡ್ಡದಿದೆ.

ಎಡ ಮಂಡಿಯ ವಿಷಯ ಓದಿದೆ. ಅದಕ್ಕೆ ನಾನು ಏನು ಬರೆದರೂ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಆ ಮಂಡಿ ನನ್ನದು ಎಂದು ತಿಳಿದುಕೊಂಡೇ ಇನ್ನು ಬದುಕುತ್ತೇನೆ.

ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿನದು ಮುಂದಿನ ತಿಂಗಳು. ಹೊಲಿಗೆಯಮ್ಮನೇ ಕರೆದುಕೊಂಡು ಹೋಗಿದ್ದಳು. ನಾನೇ ಕೇಳಿದೆ, "ಬರ್ತೀಯೇನಮ್ಮ" ಎಂದು. ಅಷ್ಟು ಕೇಳಲು ನನಗೆ ಒಂದು ಬೆಳಗ್ಗೆ ಪೂರ್ತಿ ಬೇಕಾಯಿತು.

ಪಟ್ಟಿ ಬಿಚ್ಚಿದ ಮೂರನೇ ದಿನ ಅವಳ ಮನೆಗೆ ಹೋಗಿ ಬೀರು ಸರಿಸು ಎಂದೆ. "ಅದರ ಹಿಂದೆ ಏನಿದೆ ಬಣ್ಣದಮ್ಮ, ಬರೀ ಧೂಳು" ಎಂದಳು. "ಸರಿಸು" ಎಂದೆ. ಅವಳೂ ಅವಳ ಗಂಡನೂ ಸೇರಿ ಎಳೆದರು.

ಆ ಗೋಡೆಯ ಮುಂದೆ ನಿಲ್ಲಲಾಗಲಿಲ್ಲ ಮಗನೇ. ಏಳು ಹೆಜ್ಜೆ ಎಲ್ಲಿ ಬಂತು, ಬಾಗಿಲಿನಿಂದಲೇ ಮುಖಕ್ಕೆ ಹೊಡೆದ ಹಾಗಾಯಿತು. ಅರ್ಧದವರೆಗೆ ನಿನ್ನ ಬ್ರಷ್‌ನ ಗುರುತು, ಅಲ್ಲಿಂದಾಚೆಗೆ ನೀನು ಹೋದ ಮೇಲೆ ನಾನು ಕರೆಸಿದ ಕೂಲಿಯವನದು. ನೀನು ನಿಲ್ಲಿಸಿದ ಜಾಗ ನನಗೆ ಗೊತ್ತಾಯಿತು. ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ನೋಡಿದೆ, ಅದೇ ಗೋಡೆ ತಣ್ಣಗೆ, ಚೆಂದವಾಗಿ, ನನ್ನ ನೀಲಿಯಾಗಿ ಕಂಡಿತು. ಎಡಗಣ್ಣು ಮುಚ್ಚಿದೆ, ಕಿರುಚಿತು. ಹಾಗೆ ಎಷ್ಟೋ ಹೊತ್ತು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾ ನಿಂತಿದ್ದೆ. ಹೊಲಿಗೆಯಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ "ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಬೀರು ತಂದ್ವಿ" ಎಂದಳು.

ಕ್ಷೌರದಂಗಡಿಯ ಕನ್ನಡಿಯೂ ಅದಕ್ಕೇ. ಈ ಬೀದಿಯಲ್ಲಿ ಇನ್ನೆಷ್ಟು ಬೀರು, ಎಷ್ಟು ಕ್ಯಾಲೆಂಡರು, ಎಷ್ಟು ಪರದೆ ನನ್ನ ಮರ್ಯಾದೆ ಮುಚ್ಚಿಕೊಂಡು ನಿಂತಿವೆಯೋ. ಜನಕ್ಕೆ ಯೋಗ್ಯತೆ ಇಲ್ಲ ಎಂದು ಬಯ್ಯುತ್ತಾ ತಿರುಗುತ್ತಿದ್ದೆ. ಒಬ್ಬರೂ ನನಗೆ ಹೇಳಲಿಲ್ಲ. ಹೇಳಿದವನನ್ನು ನಾನೇ ಹೊರಗೆ ಹಾಕಿದ್ದೆ.

ನೀನು ಅವತ್ತು "ಜಾಸ್ತಿಯಾಯ್ತು" ಎಂದೆ. ಜಾಸ್ತಿಯಾಗಿತ್ತು.

ಹೊಲಿಗೆಯಮ್ಮನ ಗೋಡೆಯನ್ನು ಕೆರೆಸುತ್ತಿದ್ದೇನೆ. ಮತ್ತೆ ಹಚ್ಚಬೇಕು. ಕಿಟಕಿ ಪೂರ್ವಕ್ಕೆ, ಹನ್ನೊಂದು ಗಂಟೆಯವರೆಗೆ ಬಿಸಿಲು. ನೆಲ ಕೆಂಪು. ಬಾಗಿಲು ಮರದ್ದು, ಕಪ್ಪಗಾಗಿದೆ. ಗೋಡೆಗೆ ಎದುರಾಗಿ ಅವಳ ಹೊಲಿಗೆ ಯಂತ್ರ, ದಿನವಿಡೀ ಅವಳು ಅದನ್ನೇ ನೋಡುತ್ತಾ ಕೂರಬೇಕು. ಒಂದು ಕಣ್ಣಿನವಳು ನಾನು, ಬೆರೆಸುವುದಿಲ್ಲ.

ಬೆರಕೆ ನೀನು ಕಳಿಸು. ಎಷ್ಟು ಚಮಚ ನೀಲಿ, ಎಷ್ಟು ಕಾವಿ, ಬರೆದು ಕಳಿಸು. ರಟ್ಟನ್ನೂ ಕಳಿಸು. ನಿಂತು ನೋಡಿ ಬರೆ.

ಅಮ್ಮ